ಮಗನಿಗೆ ಹೇಳಿ ಬಂದೆ

ಪ್ರವಾಸಿಗರ ವಸತಿಗೃಹ,
ಮಾರ್ಚ್ ೧೪, ಭಾನುವಾರ

ಪ್ರೀತಿಯ ಮಗಳೇ,

ಮನಸಾರೆ ಆಶೀರ್ವಾದ. ನಿನ್ನ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಹೊಸ ಮನೆಯಲ್ಲಿ ಎಲ್ಲರೂ ಕ್ಷೇಮವಷ್ಟೆ? ಹೊಲಿದಿಟ್ಟಿದ್ದ ಬಟ್ಟೆಗಳನ್ನೆಲ್ಲ ಗಿರಾಕಿಗಳಿಗೆ ಮುಟ್ಟಿಸಿ, ಅಂಗಡಿ ಬಾಗಿಲು ಎಳೆದು, ನನ್ನ ಮಗ ಮಲಗಿರುವ ಜಾಗಕ್ಕೆ ಕಡೆಗೂ ಬಂದೆ. ನಿನ್ನ ಮರುಮದುವೆಯಾದ ಮೇಲೆ ಮನೆಯಲ್ಲಿ ಕೂತು ಮಾಡುವುದಾದರೂ ಏನಿತ್ತು?

ಮೊದಲು ಯುದ್ಧ ನಡೆದ ಗುಡ್ಡ ತೋರಿಸಿದರು. ಏನೇನೋ ಕಲ್ಪಿಸಿಕೊಂಡಿದ್ದೆ. ಹುಲ್ಲು ಬೆಳೆದಿದೆ, ಕುರಿ ಮೇಯುತ್ತಿವೆ, ಕಂದಕಗಳು ಅರ್ಧ ಮುಚ್ಚಿಹೋಗಿವೆ. ನಮ್ಮ ಬಸ್ಸಿನಲ್ಲಿದ್ದ ಗಂಡ ಹೆಂಡತಿ ಕಂದಕದ ಅಂಚಿನಲ್ಲಿ ನಿಂತು, "ಯಜಮಾನ್ರೇ, ಒಂದು ಫೋಟೋ ತೆಗೀತೀರಾ? ಹಿಂದೆ ಗುಡ್ಡ ಪೂರ್ತಿ ಬರ್ಲಿ" ಎಂದರು. ತೆಗೆದುಕೊಟ್ಟೆ. ಅವರದೇನು ತಪ್ಪು? ನಾನು ಯಾಕೆ ಬಂದವನೆಂದು ಹೇಳಿರಲೇ ಇಲ್ಲ.

ಸೈನಿಕರ ಸಮಾಧಿಗಳು ಗುಡ್ಡದ ಬುಡದಲ್ಲಿವೆ. ಎಲ್ಲ ಒಂದೇ ಎತ್ತರದ ಬಿಳಿ ಕಲ್ಲುಗಳು, ಹುಡುಕಿ ಸುಸ್ತಾದೆ. ಹುಲ್ಲು ಕತ್ತರಿಸುತ್ತಿದ್ದ ಹೆಂಗಸು, ಹೆಚ್ಚುಕಡಿಮೆ ನನ್ನದೇ ವಯಸ್ಸು, ಅವನ ಹೆಸರು ಕೇಳಿ ಕರೆದುಕೊಂಡು ಹೋಗಿ ನಿಲ್ಲಿಸಿದಳು. ಕಲ್ಲಿನ ಮೇಲೆ ಅವನ ಹೆಸರು ನೋಡಿ ನನಗೆ ಏನು ಮಾಡಲೂ ತೋಚಲಿಲ್ಲ. ಕೋಟಿನ ಗುಂಡಿ ಹಾಕುವುದು, ಬಿಚ್ಚುವುದು, ಅಷ್ಟೇ.

"ಮನೆ ಸುದ್ದಿ ಹೇಳಿ ಅಣ್ಣಾ, ಬಂದೋರೆಲ್ಲ ಹೇಳ್ತಾರೆ. ನಾನು ಆ ಕಡೆ ಹೋಗ್ತೀನಿ" ಎಂದಳು.

ಹೇಳಿದೆ. ಅಂಗಡಿಯ ಸೂರು ಸೋರುವುದು, ಅವನ ಗೆಳೆಯ ತಂದೆಯಾದದ್ದು, ನನ್ನ ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲು ಒದ್ದಾಡುವುದು. ನಿನ್ನ ವಿಷಯಕ್ಕೆ ಬಂದಾಗ 'ನಿನ್ನ ಹೆಂಡತಿ' ಎಂದು ಶುರು ಮಾಡಿ ನಿಲ್ಲಿಸಿದೆ. ಆಮೇಲೆ, "ನಮ್ಮನೆ ಮಗಳ ಮದುವೆ ಮಾಡ್ಕೊಟ್ಟೆ ಕಣೋ. ಹುಡುಗ ಒಳ್ಳೆಯವನು" ಅಂದೆ. ಅಷ್ಟು ಹೊತ್ತು ಬಾರದ ಅಳು ಆಗ ಬಂತು.

ಇಲ್ಲಿ ನನ್ನ ಕೋಣೆಯಲ್ಲಿ ಎರಡು ಮಂಚಗಳಿವೆ. ಖಾಲಿ ಕಾಣದಿರಲೆಂದು ಇನ್ನೊಂದರ ಮೇಲೆ ಚೀಲ ಇಟ್ಟಿದ್ದೇನೆ.

ನಗುನಗುತ್ತಾ ಬಾಳು. ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸು. ಅಳಿಯಂದಿರು ಎನ್ನಬಹುದಲ್ಲವೇ?

ಇಂತಿ,
ನಿನ್ನ ಮಾವ

ತಾ.ಕ.: ನಿನ್ನ ಈಗಿನ ಅತ್ತೆಯವರು ಫೋನ್ ಮಾಡಿದ್ದರು. "ಹಳೇ ಮನೆಯೋರು ಹೋಗಿ ಬಂದು ಮಾಡ್ತಿದ್ರೆ ಹುಡುಗಿ ನಮ್ಮಲ್ಲಿ ಹೊಂದ್ಕೊಳ್ಳೋದು ಹ್ಯಾಗೆ, ನೀವೇ ಹೇಳಿ" ಎಂದರು. ಮೆತ್ತಗೇ ಕೇಳಿದರು, ಆಗಲಿ ಎಂದುಬಿಟ್ಟೆ. ಇನ್ನು ನಾನು ಬರುವುದಿಲ್ಲ, ಬರೆಯುವುದೂ ಇಲ್ಲ. ನೀನು ಅವರೊಡನೆ ಜಗಳಕ್ಕೆ ಹೋಗಬೇಡ. ಮಗ ಹೋದಾಗ ಊರೇ ಬಂದು ನನ್ನ ಪಕ್ಕ ಕೂತಿತ್ತು. ಮಗಳೂ ಹೋದಳು ಅಂತ ಯಾರ ಹತ್ತಿರ ಹೇಳಿಕೊಳ್ಳಲಿ?