ಎರಡಾದ ಮಂಚ

ಹೊಲಿಗೆ ಮೇಜಿನಿಂದ
ಹದಿನಾಲ್ಕನೇ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ಬಡಗಿ ಮಹಾಶಯರೇ,

ಹೇಗಿದ್ದೀರಿ? ಹೊಟ್ಟೆಯ ಗಾಯ ಎಳೆಯುವುದು ಕಡಿಮೆಯಾಯಿತೇ? ಕೆಮ್ಮಿದಾಗ ಮೂತ್ರ ಸೋರುವುದು? ದಿನಕ್ಕೆ ಎಷ್ಟು ಪ್ಯಾಡು ಬೇಕಾಗುತ್ತದೆಂದು ನಾಚದೆ ಬರೆಯಿರಿ, ಮೂವತ್ತೊಂದು ವರ್ಷ ನಿಮ್ಮ ಬನಿಯನ್ ಒಗೆದವಳಿಗೆ ಅದೇನು ದೊಡ್ಡ ಗುಟ್ಟಲ್ಲ. ನಾನು ಚೆನ್ನಾಗಿದ್ದೇನೆ. ಶಾಲೆ ಶುರುವಾಗುವ ಕಾಲ, ಸಮವಸ್ತ್ರದ ಬಟ್ಟೆ ಕಿಟಕಿ ಮುಚ್ಚುವಷ್ಟು ರಾಶಿ ಬಿದ್ದಿದೆ. ಮೈದುನನ ಅಂಗಡಿಗೆ ಕಪಾಟು ಮಾಡಿಕೊಡಲು ಹತ್ತು ದಿನಕ್ಕೆಂದು ಹೋದವರು ನೀವು, ಏಳು ವಾರವಾಯಿತು. ಕಪಾಟು ಮುಗಿದು ತಿಂಗಳಾಯಿತೆಂದು ವಾರಗಿತ್ತಿ ಫೋನಿನಲ್ಲಿ ಬಾಯಿಬಿಟ್ಟಳು. "ಭಾವ ಉಜ್ಜಿದ ಬಾಗಿಲನ್ನೇ ಮತ್ತೆ ಮತ್ತೆ ಉಜ್ಜುತ್ತಾ ಕೂತಿರ್ತಾರೆ ಅಕ್ಕಾ" ಎಂದಳು. ಪಾಪ, ಅವಳನ್ನು ಬೈಯಬೇಡಿ.

ಮಂಚದ ಮಾತೆತ್ತದೆ ಈ ಕಾಗದ ಬರೆದೂ ಪ್ರಯೋಜನವಿಲ್ಲ. ಮದುವೆಯಾದ ವರ್ಷ ನೀವು ಒಂದು ಮೊಳೆಯನ್ನೂ ಹೊಡೆಯದೆ ಮಾಡಿದ ಮಂಚ. ಪ್ರಾಸ್ಟೇಟ್ ಕ್ಯಾನ್ಸರಿನ ಆಪರೇಷನ್ ಆಗಿ ಮೂರು ತಿಂಗಳಿಗೆ, ನಾನು ಗುಂಡಿ, ದಾರ ತರಲು ಪೇಟೆಗೆ ಹೋಗಿದ್ದ ದಿನ, ಅದನ್ನು ನಡುವೆ ಕೊಯ್ದು, ಹೊಸ ಕಾಲು ಕೊಟ್ಟು, ಒಂದನ್ನು ಈ ಗೋಡೆಗೆ ಇನ್ನೊಂದನ್ನು ಆ ಗೋಡೆಗೆ ಸೇರಿಸಿದಿರಿ. "ನಿನಗೆ ನಿದ್ದೆ ಚೆನ್ನಾಗಿ ಬರ್ಲಿ ಅಂತ" ಎಂದಿರಿ. ಹಾಸಿಗೆಯನ್ನೂ ಕತ್ತರಿಸಿ ಅದರ ಅಂಚನ್ನು ನನ್ನ ಕೈಯಲ್ಲೇ ಹೊಲಿಸಿದಿರಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರನ್ನು ನಾನು ಕಣ್ಣಾರೆ ನೋಡಿದ್ದು ಅವತ್ತೇ. ಜಗಳವಾಡಬೇಕಿತ್ತು. ನಾನು ಇವರಿಗೆ ಬೇಡವಾದೆ ಎಂದುಕೊಂಡು ಬಾಯಿ ಮುಚ್ಚಿ ಹೊಲಿದೆ.

ಕಳೆದ ವಾರ ನಿಮ್ಮ ಉಳಿಯ ಡ್ರಾಯರಿನಲ್ಲಿ ಆಸ್ಪತ್ರೆಯ ಚೀಟಿ ಸಿಕ್ಕಿತು. ದಂಪತಿ ಇಬ್ಬರೂ ಬರುವುದು ಎಂದಿತ್ತು. ತಾರೀಖು ನೀವು ಹೊರಟ ಮರುದಿನದ್ದು. ಒಬ್ಬಳೇ ಹೋದೆ. ಅಲ್ಲಿನ ನರ್ಸಮ್ಮ ಬಾಗಿಲು ಹಾಕಿ ಕೇಳಿದ ಮೊದಲ ಪ್ರಶ್ನೆಗೇ ನನ್ನ ಕಿವಿ ಕೆಂಪಾಯಿತು, ಮೂರನೆಯದಕ್ಕೆ ನಾನೇ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡೆ. ಆಪರೇಷನ್ನಿನಲ್ಲಿ ಪಕ್ಕದ ನರಗಳಿಗೆ ಪೆಟ್ಟಾಗುತ್ತದಂತೆ. ಚೇತರಿಸಿಕೊಳ್ಳಲು ವರ್ಷವೋ ಎರಡು ವರ್ಷವೋ ಬೇಕು. ಮೊದಲಿನಂತೆಯೇ ಆಗುತ್ತದೆಂದು ಅವರು ಮಾತು ಕೊಡಲಿಲ್ಲ. ಮಾತ್ರೆಯಿದೆ, ಅದಕ್ಕೆ ಮುಂಚೆ ಎದೆನೋವಿಗೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಡಾಕ್ಟರು ಕೇಳಬೇಕು. ಪಂಪಿದೆ, ಇಂಜೆಕ್ಷನ್ ಇದೆ, ಎಲ್ಲವನ್ನೂ ಕಲಿಸಿಕೊಡುತ್ತಾರೆ. ಗಡಸಾಗದಿದ್ದರೂ ಗಂಡಸಿಗೆ ಸುಖ ಸಿಗುತ್ತದೆ, ವೀರ್ಯ ಬರಲಿಲ್ಲವೆಂದು ಗಾಬರಿಯಾಗಬೇಡಿ ಎಂದರು. ಇಂಜೆಕ್ಷನ್ ಎಂದಾಗ ನನಗೆ ನಗು ಬಂತು. ಬೆರಳಿಗೆ ಮರದ ಸಿಬಿರು ಚುಚ್ಚಿದರೆ ಊರು ಒಂದು ಮಾಡುವವರಲ್ಲವೇ ನೀವು. ಆಮೇಲೆ ಅವರು ಮೆಲ್ಲಗೆ ಕೇಳಿದರು, "ನೀವು ಅವರನ್ನ ಕೊನೆ ಸಲ ಮುಟ್ಟಿದ್ದು ಯಾವಾಗಮ್ಮಾ?" ನಾನು ಬೆರಳು ಮಡಿಸಿ ತಿಂಗಳು ಎಣಿಸತೊಡಗಿದೆ.

ಮನೆಗೆ ಬರುವಾಗ ಬಸ್ಸಿನಲ್ಲಿ ಎಲ್ಲ ಅರ್ಥವಾಯಿತು. ನೀವು ಆಸ್ಪತ್ರೆಯಿಂದ ಬಂದ ದಿನದಿಂದ ನಾನು ಮಂಚದ ತುದಿಗೆ ಸರಿದು ಮಲಗುತ್ತಿದ್ದೆ. ನಿದ್ದೆಗಣ್ಣಿನಲ್ಲಿ ಮೊಣಕೈ ನಿಮ್ಮ ಗಾಯಕ್ಕೆ ತಗುಲೀತೆಂಬ ಭಯ, ಅಷ್ಟೇ. ನೀವೋ ಮೈದುನನ ಹತ್ತಿರ "ಅವಳಿಗೆ ನನ್ನ ಕಂಡ್ರೆ ಹೇಸಿಗೆ" ಎಂದಿರಂತೆ. ಅದನ್ನೂ ವಾರಗಿತ್ತಿಯೇ ಹೇಳಿದಳು. ಬಾಯಿದ್ದೂ ಇಬ್ಬರೂ ಮೂಗರಾದೆವು. ನನಗೆ ನೀವು ಬೇಕು. ಮರದಪುಡಿ ವಾಸನೆಯ ಆ ಕುತ್ತಿಗೆ ಬೇಕು, ನನ್ನ ಬೆನ್ನಿಗೆ ಬೇಕೆಂದೇ ತಾಗಿಸುವ ಆ ತಣ್ಣನೆಯ ಪಾದ ಬೇಕು. ಉಳಿದದ್ದು ನಿಧಾನಕ್ಕೆ ಬರಲಿ. ಬರದಿದ್ದರೆ ಇಬ್ಬರೂ ಕೂತು ಬೇರೆ ದಾರಿ ನೋಡೋಣ. ಐವತ್ತೇಳನೇ ವಯಸ್ಸಿಗೆ ಇವಳು ಏನೇನು ಬರೆಯುತ್ತಾಳೆ ಎಂದು ನಗು ಬಂದರೆ ನಕ್ಕುಬಿಡಿ, ನೀವು ನಕ್ಕು ಎಷ್ಟು ದಿನವಾಯಿತೋ.

ಮೈದುನನಿಗೂ ವಾರಗಿತ್ತಿಗೂ ನನ್ನ ನೆನಪು ಹೇಳಿ. ಕಾಗದವನ್ನು ಓದಿ ಜೇಬಿನಲ್ಲಿ ಇಟ್ಟುಕೊಳ್ಳಿ, ಕಂಡಕಂಡಲ್ಲಿ ಬಿಡಬೇಡಿ.

ನಿಮ್ಮವಳೇ ಆದ
ದರ್ಜಿ

ತಾ.ಕ.: ಅಂಚೆಯವನು ಬರುವ ಹೊತ್ತು, ಅವಸರದಲ್ಲಿ ಬರೆಯುತ್ತಿದ್ದೇನೆ. ಮುಂದಿನ ವಾರ ಗುರುವಾರ ಹನ್ನೊಂದು ಗಂಟೆಗೆ ನರ್ಸಮ್ಮನ ಹತ್ತಿರ ಇಬ್ಬರ ಹೆಸರನ್ನೂ ಬರೆಸಿದ್ದೇನೆ. ನಿನ್ನೆ ಹಾಸಿಗೆಯ ಅಂಚು ಬಿಚ್ಚಿ ಎರಡನ್ನೂ ಗೋಣಿಸೂಜಿಯಲ್ಲಿ ಸೇರಿಸಿ ಹೊಲಿದೆ, ಮಂಚಗಳನ್ನೂ ನಾನೇ ನೂಕಿ ಕೂಡಿಸಿದೆ. ಹೊಲಿಗೆ ಗಟ್ಟಿಯಾಗಿದೆ. ಕೆಳಗೆ ಮರ ಅಲ್ಲಾಡುತ್ತದೆ, ಅದು ನಿಮ್ಮ ಕೆಲಸ. ಹಿಂದಿನ ದಿನವೇ, ಬರುವ ಬುಧವಾರದ ಬಸ್ಸಿಗೆ ಹೊರಟು ಬನ್ನಿ. ರಾತ್ರಿ ಅದರ ನಡುವೆ ಮಲಗಿ ನೋಡಿದೆ, ಒಬ್ಬಳಿಗೆ ತುಂಬಾ ಅಗಲ.