ಮುಸ್ಸಂಜೆಯ ಎರಡು ಕೂಗು

ಕೊಲೋನ್, ಪನಾಮಾ
೨೧ ಫೆಬ್ರವರಿ ೨೦೧೯, ಗುರುವಾರ ಮಧ್ಯಾಹ್ನ

ನನ್ನ ತಂಗಿ ಅಯೋನಿಗೆ ಅಕ್ಕನ ಪ್ರೀತಿ,

ಈ ಪತ್ರ ನಿನ್ನ ಕೈಗೆ ಕೊಟ್ಟವಳು ಮರ್ಲ್. ಅವಳ ಹಿಂದೆ ಮುಂದೆ ನಾನು ಕಾಣಿಸಲಿಲ್ಲವೆಂದು ಎದೆ ಹಿಡಿದುಕೊಳ್ಳಬೇಡ. ನಾನು ಸತ್ತಿಲ್ಲ, ಸಮುದ್ರಕ್ಕೂ ಬಿದ್ದಿಲ್ಲ. ನಮ್ಮ ಮನೆಯಲ್ಲಿ ಆ ಸುದ್ದಿಯನ್ನು ಒಮ್ಮೆ ನಂಬಿ ಕೆಟ್ಟದ್ದು ಸಾಕು. ಮೊದಲು ಅವಳನ್ನು ಒಳಗೆ ಕೂರಿಸಿ ಏನಾದರೂ ತಿನ್ನಲು ಕೊಡು, ಆಮೇಲೆ ನಿಧಾನವಾಗಿ ಓದು.

ಪ್ರತಿ ಬಂದರಿನಿಂದಲೂ ಒಂದೊಂದು ಕಾರ್ಡು ಹಾಕುತ್ತೇನೆಂದು ಮಾತು ಕೊಟ್ಟು ಬಂದಿದ್ದೆ, ಒಂದನ್ನೂ ಹಾಕಲಿಲ್ಲ. ಬೈದುಕೊ, ಪರವಾಗಿಲ್ಲ. ಜಾರಿ ಬಿದ್ದು ಸೊಂಟ ಮುರಿದುಕೊಂಡವಳು ನೀನು, ನಿನ್ನ ಟಿಕೆಟ್ಟಿನಲ್ಲಿ ಹಡಗು ಹತ್ತಿ ಮೆರೆದವಳು ನಾನು. ಕೋಲು ಹಿಡಿದು ಓಡಾಡುತ್ತಿದ್ದೀಯೋ, ಇಲ್ಲ ಜಂಬಕ್ಕೆ ಅದನ್ನು ಮೂಲೆಗೆ ಒರಗಿಸಿದ್ದೀಯೋ? ನಿನ್ನ ಗುಣ ನನಗೆ ಗೊತ್ತು.

ನಿನ್ನ ಗೆಳತಿಯ ಕಥೆ ಕೇಳಬೇಕು ನೀನು. ನಮ್ಮ ಫಾಲ್ಮತ್ ಬಂದರು ಬಿಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ, ಮರ್ಲ್ ಹಳದಿ ಟೋಪಿ ಹಾಕಿಕೊಂಡು ಮೇಲಿನ ಡೆಕ್ಕಿನಲ್ಲಿ ಬಿಳಿಯರ ಜೊತೆ ಕುಣಿಯುತ್ತಿದ್ದಳು. ಹಡಗಿನ ಊಟಕ್ಕೆ ಉಪ್ಪಿಲ್ಲ, ಖಾರವಿಲ್ಲ. ಇವಳು ಕೈಚೀಲದಲ್ಲಿ ಮೆಣಸಿನ ಸಾಸಿನ ಬಾಟಲಿ ಇಟ್ಟುಕೊಂಡು ಎಲ್ಲರ ಎದುರೇ ಸುರಿದುಕೊಳ್ಳುತ್ತಿದ್ದಳು. ಮೂರನೇ ದಿನದ ಹೊತ್ತಿಗೆ ಪಕ್ಕದ ಮೇಜಿನವರೂ ಬಾಟಲಿ ಕೇಳಲು ಶುರು ಮಾಡಿದರು. ಡಾಮಿನೋ ಆಟದಲ್ಲಿ ಒಬ್ಬ ನಿವೃತ್ತ ನ್ಯಾಯಾಧೀಶನನ್ನು ಸೋಲಿಸಿ, ಅವನ ಮುಖದ ಮುಂದೆ ಕೈ ಆಡಿಸಿ ನಕ್ಕಳು. ನಾನೂ ನಕ್ಕೆ. ನಗುವುದು ಅಷ್ಟು ಸುಲಭ ಎಂದು ಮರೆತೇ ಹೋಗಿತ್ತು.

ನಾನು ಈ ಪ್ರವಾಸಕ್ಕೆ ಯಾಕೆ ಒಪ್ಪಿದೆ ಎಂದು ನಿನಗೆ ಹೇಳಿಯೇ ಬಂದಿದ್ದೆ. ಹಡಗು ಬೇರೆ, ದಾರಿ ಮಾತ್ರ ನನ್ನ ಮಗಳು ಶರ್ನೆಟ್ ಕೆಲಸ ಮಾಡುತ್ತಿದ್ದ ಹಡಗಿನದೇ. ಐದು ವರ್ಷದ ಹಿಂದೆ ಲಿಮೋನ್ ದಾಟಿದ ಮೇಲೆ ಅವಳು ಎಲ್ಲೂ ಸಿಗಲಿಲ್ಲ, ಬಂದರಿನಿಂದ ಹಡಗಿಗೆ ವಾಪಸಾದ ದಾಖಲೆ ಇದೆ, ಆದ್ದರಿಂದ ಸಮುದ್ರಕ್ಕೆ ಬಿದ್ದಿರಬೇಕು ಎಂದು ಫೋನ್ ಬಂತಲ್ಲ, ಆ ನೀರಿಗೆ ಒಂದು ಹಿಡಿ ಹೂ ಹಾಕಿ ಬರುತ್ತೇನೆ ಎಂದಿದ್ದೆ. ನೀನೇ ನಿನ್ನ ಅಂಗಳದ ದಾಸವಾಳ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಅದು ಇನ್ನೂ ನನ್ನ ಚೀಲದಲ್ಲಿದೆ, ಕೊಳೆತು ಕಪ್ಪಾಗಿದೆ.

ಈಗ ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಅದನ್ನು ದಾಟದೆ ಮುಂದಿನದು ನನ್ನ ಲೇಖನಿಗೆ ಬರುವುದಿಲ್ಲ. ಹೆಣ ಸಿಗದಿದ್ದರೂ ನಾವು ಸತ್ತವರನ್ನು ಬೀಳ್ಕೊಡುವ ಒಂಬತ್ತನೇ ರಾತ್ರಿಯ ಜಾಗರಣೆ ಮಾಡಿದೆವು. ಊರೆಲ್ಲ ಬಂತು, ಹಾಡಿತು, ಹುರಿದ ಮೀನು ತಿಂದಿತು, ಬಿಳಿ ರಮ್ ಕುಡಿಯಿತು. ಬೆಳಗಾಗುವ ಮೊದಲು ನೀನು, ನಾನು ಸೇರಿ ಅವಳ ಕೋಣೆಯನ್ನು ಬದಲಿಸಿದೆವು. ಕಿಟಕಿಯ ಕೆಳಗಿದ್ದ ಮಂಚವನ್ನು ಎಳೆದು ಬಾಗಿಲ ಕಡೆಗೆ ಹಾಕಿದೆವು, ಕನ್ನಡಿಗೆ ದುಪ್ಪಟಿ ಹೊದಿಸಿದೆವು. ಸತ್ತವಳು ಬಂದು ನೋಡಿದರೆ ತನ್ನ ಕೋಣೆಯ ಗುರುತು ಹತ್ತಬಾರದು, ಇದು ನನ್ನದಲ್ಲ ಎಂದು ತನ್ನ ದಾರಿ ಹಿಡಿಯಬೇಕು, ಅದಕ್ಕೆ. ಮಾರನೇ ದಿನ ಸಂಜೆ ನೀನು ಹಿತ್ತಲಿನಲ್ಲಿ ದೊಡ್ಡ ಪಾತ್ರೆಗಳನ್ನು ತಿಕ್ಕುತ್ತಿದ್ದೆ. ಮುಂದಿನ ಗೇಟಿನ ಹತ್ತಿರ ಅವಳ ದನಿ, "ಮಮ್ಮಾ" ಎಂದು ಕರೆಯಿತು. ಕಿಟಕಿಯಲ್ಲಿ ನೋಡಿದೆ. ಇಳಿಬಿಸಿಲಿಗೆ ಬೆನ್ನು ಮಾಡಿ ನಿಂತಿದ್ದಳು, ಮುಖ ಕಾಣಲಿಲ್ಲ.

ಮುಸ್ಸಂಜೆಯಲ್ಲಿ ಕರೆದವರಿಗೆ ಮೊದಲ ಕೂಗಿಗೆ ಓಗೊಡಬಾರದು, ಎರಡನೆಯದಕ್ಕೂ ಓಗೊಡಬಾರದು ಎಂದು ಅಜ್ಜಿ ನಮ್ಮಿಬ್ಬರ ಕಿವಿ ಹಿಂಡಿ ಕಲಿಸಿದ್ದಳು. ಸತ್ತವರಿಗೆ ಎರಡಕ್ಕಿಂತ ಹೆಚ್ಚು ಸಲ ಕೂಗುವ ಶಕ್ತಿ ಇಲ್ಲ, ಮೂರನೇ ಸಲ ಕೂಗಿದರೆ ಬದುಕಿದವರೇ ಎಂದು. ಅವಳು ಅಂಗಳದೊಳಗೆ ಬಂದು ಎರಡನೇ ಸಲ ಕರೆದಾಗ ನಾನು ಅಡುಗೆಮನೆಯಿಂದ ಉಪ್ಪಿನ ಡಬ್ಬಿ ತಂದು ಬಾಗಿಲು ಅರೆ ತೆಗೆದು ಎರಚಿದೆ. ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕೂರುವ ನಾನು ಬಾಯಿಗೆ ಬಂದ ಹೊಲಸೆಲ್ಲ ಬೈದೆ. ದೆವ್ವಕ್ಕೆ ಬೈಗುಳವೇ ಮದ್ದು ತಾನೆ? ಬಾಗಿಲು ಹಾಕಿದೆ. ಅವಳು ಹೋದಳು. ಇಷ್ಟು ನಿನಗೂ ಗೊತ್ತು, ಊರಿಗೂ ಗೊತ್ತು.

ಆದರೆ ಆವತ್ತಿನಿಂದ ಅವಳು ಹೋಗಲೇ ಇಲ್ಲ, ಅಯೋನಿ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೊತ್ತು ಮುಳುಗುವಾಗ ನಾನು ಎಲ್ಲಿದ್ದರೂ ಸರಿ, ಸೌದೆ ಒಲೆಯ ಮುಂದೆ, ಮಾರುಕಟ್ಟೆಯಲ್ಲಿ, ಪ್ರಾರ್ಥನೆಯ ನಡುವೆ, "ಮಮ್ಮಾ" ಎಂದು ಕೇಳುತ್ತದೆ. ಸ್ವಲ್ಪ ತಡೆದು ಇನ್ನೊಮ್ಮೆ. ಆಮೇಲೆ ಸದ್ದಿಲ್ಲ. ಉಪ್ಪುನೀರು ದಾಟಿದರೆ ದೆವ್ವಗಳು ಹಿಂದೆ ಬರುವುದಿಲ್ಲ ಎನ್ನುತ್ತಾರಲ್ಲ, ಆ ಆಸೆಯೂ ಇತ್ತು ನನಗೆ. ಹಡಗಿನ ಮೊದಲ ಸಂಜೆಯೇ ಕೋಣೆಯ ಹೊರಗಿನ ಓಣಿಯಲ್ಲಿ ಎರಡು ಸಲ ಕರೆಯಿತು.

ನನ್ನ ಮುಖ ನೋಡಿ ಮರ್ಲ್ ಗಾಬರಿಯಾದಳು. ಬಾಯಿ ಬಿಡಿಸಿದಳು. ಕೇಳಿದವಳೇ ಸೀರಿಯಸ್ಸಾಗಿ ನನ್ನ ಮಂಚ ಎಳೆಯಲು ಹೋದಳು. ಅದು ಜಗ್ಗಲಿಲ್ಲ, ನೆಲಕ್ಕೆ ತಿರುಪು ಹಾಕಿ ಬಿಗಿದಿದ್ದರು. ಮೇಜೂ ಹಾಗೇ, ಕನ್ನಡಿಯೂ ಹಾಗೇ.

"ಅಯ್ಯೋ ಇವರ ಮನೆ ಹಾಳಾಗ! ಇಲ್ಲಿ ಯಾರಾದ್ರೂ ಸತ್ರೆ ದೆವ್ವಕ್ಕೆ ಏನ್ ಸುಖ ಕಣೇ ಐಸಿ. ನೂರು ವರ್ಷ ಬಿಟ್ಟು ಬಂದ್ರೂ ಮಂಚ ಇದ್ದಲ್ಲೇ ಇರುತ್ತೆ," ಎಂದಳು.

ನಗು ಬಂತು, ಜೊತೆಗೆ ಅಳುವೂ ಬಂತು. ಅವಳು ಟೋಪಿ ತೆಗೆದಿಟ್ಟು ನನ್ನ ಪಕ್ಕ ಮಲಗಿದಳು.

ಕೇಮನ್ ಬಂತು, ರೊವಾಟಾನ್ ಬಂತು, ನಾನು ಇಳಿಯಲಿಲ್ಲ. ಲಿಮೋನಿನಲ್ಲಿ ಇಳಿದೆ. ಅಲ್ಲಿ ಅರ್ಧ ಊರು ನಮ್ಮದೇ ಮಾತು ಆಡುತ್ತದೆ, ರೈಲು ಹಳಿ ಹಾಕಲು ಹೋದ ನಮ್ಮ ಮುತ್ತಜ್ಜಂದಿರ ಮೊಮ್ಮಕ್ಕಳೇ ತಾನೆ. ಎದುರು ಬಂದ ಪ್ರತಿ ಹೆಂಗಸಿನ ಮುಖ ನೋಡುತ್ತ ನಡೆದೆ. "ಯಾರನ್ನ ಹುಡುಕ್ತಿದ್ದೀಯ?" ಎಂದಳು ಮರ್ಲ್. ಯಾರನ್ನೂ ಇಲ್ಲ ಎಂದೆ. ಬಂದರಿನ ಎದುರು ಬಾದಾಮಿ ಮರದ ಕೆಳಗೆ ಒಬ್ಬಳು ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಖಾರದ ಮಾಂಸ ತುಂಬಿದ ಪಾಟಿ ಮಾರುತ್ತಿದ್ದಳು. ಒಂದು ಕಚ್ಚಿ ನಾನು ಅಭ್ಯಾಸಬಲದಿಂದ, "ಮೆಣಸು ಸಾಲದು, ಇದನ್ನೇನು ಎಳೆಮಗುವಿಗೆ ಮಾಡಿದ್ದಾ?" ಎಂದೆ.

ಅವಳ ಕೈ ನಿಂತಿತು. ನನ್ನ ಮುಂದಿನ ಹಲ್ಲುಗಳ ನಡುವಿನ ಸಂದನ್ನೇ ನೋಡಿದಳು.

"ಈ ಮಾತು, ಈ ಹಲ್ಲು... ಫಾಲ್ಮತ್‌ನವರಾ ನೀವು? ಶರ್ನೆಟ್ ಅಮ್ಮನಾ?"

ಅವಳ ಹೆಸರು ಡಾರ್ಕಸ್. ಅವಳೂ ಮರ್ಲೂ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಡಾರ್ಕಸ್ ನನಗೆ ನೀರು ಕೊಟ್ಟಳು, ಮರುಕವನ್ನು ಕೊಡಲಿಲ್ಲ.

"ನಮ್ಮನೆ ಹಿಂದಿನ ಕೋಣೇಲಿದ್ಲು, ಎರಡು ವರ್ಷ. ಹಡಗಿಂದ ಇಳಿದವಳು ವಾಪಸ್ ಹತ್ತಲೇ ಇಲ್ಲ. ಅವಳ ಪಾಸನ್ನ ಗೆಳತಿ ಒಬ್ಬಳು ಮೆಷಿನ್ನಿಗೆ ತೋರಿಸಿ ಹತ್ತಿದ್ಲು, ಯಾರೂ ಹುಡುಕಬಾರದು ಅಂತ. ನಾಲ್ಕು ತಿಂಗಳ ಬಸುರಿ. ಹಡಗಿನವರಿಗೆ ಗೊತ್ತಾದ್ರೆ ಮನೆಗೆ ಕಳಿಸ್ತಾರೆ, ಮನೇಲಿ ಅಮ್ಮನ ಬಾಯಿ, ಅಂತ ನಡುಗ್ತಿದ್ಲು. ಹುಡುಗ ಇಲ್ಲಿಯವನೇ, ಬಸ್ ಓಡಿಸ್ತಾನೆ, ಒಳ್ಳೆಯವನು. ಹಡಗಿನವರು ಸತ್ತೋದ್ಲು ಅಂತ ನಿಮಗೆ ಫೋನ್ ಮಾಡಿದ್ದು ಇವಳಿಗೆ ಗೊತ್ತೇ ಇರ್ಲಿಲ್ಲ. ಊರಲ್ಲಿ ಒಂಬತ್ತನೇ ರಾತ್ರಿ ಅಂತ ಆ ಗೆಳತಿ ಹೇಳಿ ಕಳಿಸಿದಾಗ ಎದ್ದೂ ಬಿದ್ದೂ ಓಡಿದ್ಲು."

"ಫೋನ್ ಮಾಡಬಹುದಿತ್ತಲ್ಲ," ಎಂದೆ. ಅದೇ ನನ್ನ ಬಾಯಿಗೆ ಬಂದದ್ದು ನೋಡು.

"ನಾನೂ ಅದನ್ನೇ ಅಂದೆ ಕಣಮ್ಮ. 'ನಮ್ಮಮ್ಮ ನಂಬಲ್ಲ ಡಾರ್ಕಸ್, ದೆವ್ವ ಫೋನ್ ಮಾಡ್ತು ಅಂತ ಇಟ್ಟುಬಿಡ್ತಾಳೆ. ಕಣ್ಣಾರೆ ನೋಡಿದ್ರೇನೇ ಅವಳಿಗೆ ಸಮಾಧಾನ' ಅಂದ್ಲು. ಹೋದ್ಲು. ನಾಲ್ಕನೇ ದಿನಕ್ಕೆ ವಾಪಸ್ ಬಂದ್ಲು. ಕೂದಲಲ್ಲಿ ಇನ್ನೂ ಉಪ್ಪಿನ ಹರಳಿತ್ತು. 'ನಮ್ಮಮ್ಮ ನನ್ನ ಹೂತುಬಿಟ್ಟಿದ್ದಾಳೆ, ಇನ್ನು ನಾನು ಏಳಲ್ಲ' ಅಂದ್ಲು. ಆಮೇಲೆ ನಿಮ್ಮ ಹೆಸರೆತ್ತಲಿಲ್ಲ."

ಗೇಟಿನ ಹತ್ತಿರ ಎಷ್ಟು ಸಲ ಕರೆದೆ ಅಂತ ಏನಾದರೂ ಹೇಳಿದಳಾ ಎಂದು ಡಾರ್ಕಸ್‌ಳನ್ನು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಅವಳು ಪಾಟಿ ಸುತ್ತುವ ಕಾಗದದ ಮೇಲೆ ವಿಳಾಸ ಬರೆದುಕೊಟ್ಟಳು. ಎರಡು ವರ್ಷದ ಮೇಲೆ ಗಂಡ ಹೆಂಡತಿ ಮಗುವನ್ನು ಕಟ್ಟಿಕೊಂಡು ಕೊಲೋನಿಗೆ ಹೋದರಂತೆ. ನಮ್ಮ ಹಡಗಿನ ಮುಂದಿನ ನಿಲುಗಡೆಯೂ ಕೊಲೋನೇ ಆಗಿತ್ತು. ಆ ಸಂಜೆ ಲಿಮೋನ್ ದಾಟುವಾಗ ಮರ್ಲ್ ಹೂವಿನ ಪೊಟ್ಟಣ ಹಿಡಿದು, "ಇದನ್ನೇನ್ ಮಾಡೋಣ?" ಎಂದಳು. ಚೀಲದಲ್ಲಿ ಹಾಕು ಎಂದೆ. ಓಣಿಯಲ್ಲಿ ಎರಡು ಸಲ ಕರೆಯಿತು. ಬದುಕಿರುವವಳ ದನಿ ಐದು ವರ್ಷದಿಂದ ನನ್ನನ್ನು ಹೇಗೆ ಕಾಡುತ್ತಿದೆ ಎಂದು ಯೋಚಿಸುತ್ತ ಕೂತೆ.

ಇವತ್ತು ಬೆಳಿಗ್ಗೆ ಬಂದೆ. ಹಳೆಯ ಮರದ ಮನೆ, ಕೆಳಗೆ ಬ್ರೆಡ್ ಅಂಗಡಿ, ಮೇಲೆ ಜಗಲಿ, ಜಗಲಿಗೆ ನೀಲಿ ಬಾಗಿಲು. ಹಗ್ಗದ ಮೇಲೆ ಪುಟ್ಟ ಲಂಗಗಳು ಒಣಗುತ್ತಿದ್ದವು. ಮೆಟ್ಟಿಲು ಹತ್ತಿ ಬಾಗಿಲ ಮುಂದೆ ನಿಂತು, "ಶರ್ನೆಟ್" ಎಂದೆ. ಒಳಗೆ ಬಾಣಲೆಯಲ್ಲಿ ಏನೋ ಸಿಡಿಯುತ್ತಿತ್ತು, ಆ ಸದ್ದು ನಿಂತಿತು. "ಶರ್ನೆಟ್, ನಾನು" ಎಂದೆ. ಪರದೆ ಒಂದು ಬೆರಳಿನಷ್ಟು ಸರಿದು ಮತ್ತೆ ಮುಚ್ಚಿಕೊಂಡಿತು. ಮೂರನೇ ಸಲವೂ ಕೂಗಿದೆ, ಬೀದಿಗೆಲ್ಲ ಕೇಳುವ ಹಾಗೆ.

ಆಗ ಒಳಗಿನಿಂದ ಒಂದು ಮಗುವಿನ ದನಿ ಬಂತು, ಅಯೋನಿ. ನಮ್ಮದೇ ಮಾತು. "ಮಮ್ಮಾ! ಮೂರು ಸಲ ಆಯ್ತು! ದೆವ್ವ ಅಲ್ಲ, ನಿಜವಾದ ಮನುಷ್ಯರು!"

ಅವಳು ಮಗಳಿಗೂ ಅಜ್ಜಿಯ ಪಾಠವನ್ನೇ ಕಲಿಸಿದ್ದಾಳೆ. ಆಮೇಲೆ ನನ್ನ ಶರ್ನೆಟ್ ಮಾತಾಡಿದಳು. ಬಾಗಿಲಿಗೆ ತೀರ ಹತ್ತಿರ ನಿಂತಿದ್ದಿರಬೇಕು, ಉಸಿರು ಕೂಡ ಕೇಳುತ್ತಿತ್ತು.

"ನಿಂಗೆ ಇನ್ನೂ ಎಣಿಸೋಕೆ ಬರಲ್ಲ ಪುಟ್ಟಿ. ಎರಡೇ ಸಲ."

ಅಗುಳಿ ಹಾಕಿದ ಸದ್ದಾಯಿತು.

ನಾನು ಕೆಳಗಿಳಿದು ಬ್ರೆಡ್ ಅಂಗಡಿಯ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಅಂಗಡಿಯಾಕೆ ಕೇಳದೇ ಕಾಫಿ ತಂದಿಟ್ಟಳು, ಹಿಂದಿನ ಕೋಣೆ ಖಾಲಿಯಿದೆ ಎಂದಳು. ಮರ್ಲ್ ಎದುರಿಗೆ ನಿಂತು ಕೂಗಾಡುತ್ತಿದ್ದಾಳೆ.

"ಹುಚ್ಚು ಹಿಡಿದಿದ್ಯಾ ನಿಂಗೆ? ನಾಲ್ಕು ಗಂಟೆಗೆ ಹೊರಡುತ್ತೆ, ಹಡಗು ನಿನಗೋಸ್ಕರ ಕಾಯಲ್ಲ!"

"ನಾನೂ ಅದಕ್ಕೋಸ್ಕರ ಕಾಯಲ್ಲ," ಎಂದೆ.

ಮೂಗೊರೆಸಿಕೊಂಡು ತನ್ನ ಸಾಸಿನ ಬಾಟಲಿಯನ್ನು ನನ್ನ ಚೀಲಕ್ಕೆ ತುರುಕಿದಳು. ಕಾಗದಪತ್ರದ ತಂಟೆ ಬಂದರೆ ಬರಲಿ. ಅರವತ್ತೆಂಟರ ಮುದುಕಿಯನ್ನು ಬಹಳವೆಂದರೆ ಮನೆಗೆ ಅಟ್ಟುತ್ತಾರೆ. ಅಲ್ಲಿಯವರೆಗೆ ಬೆಳಿಗ್ಗೆ ಮೂರು ಸಲ, ಸಂಜೆ ಮೂರು ಸಲ ಆ ಮೆಟ್ಟಿಲು ಹತ್ತಿ ಕರೆಯುತ್ತೇನೆ. ಮಗುವಂತೂ ಎಣಿಸುತ್ತದೆ.

ನಿನ್ನಿಂದ ಒಂದು ಉಪಕಾರ ಆಗಬೇಕು. ನಿನ್ನ ಗಂಡನನ್ನು ಕರೆದುಕೊಂಡು ನಮ್ಮನೆಗೆ ಹೋಗು, ನೀನು ಕೈ ಹಾಕಬೇಡ, ಸೊಂಟ ಜೋಪಾನ. ಶರ್ನೆಟ್‌ಳ ಮಂಚವನ್ನು ಕಿಟಕಿಯ ಕೆಳಗೆ, ಮೊದಲಿದ್ದಲ್ಲಿಗೇ ಹಾಕಿಸು. ಕನ್ನಡಿಯ ಮೇಲಿನ ದುಪ್ಪಟಿ ತೆಗೆಸು. ಯಾವತ್ತಾದರೂ ಬಂದರೆ ಅವಳಿಗೆ ಕೋಣೆಯ ಗುರುತು ಹತ್ತಬೇಕು.

ನಿನ್ನ ಮೂಳೆಗಳು ಬೇಗ ಕೂಡಲಿ, ನಿನ್ನ ಮನೆಯ ಬಾಗಿಲಲ್ಲಿ ಸದಾ ನಿನ್ನವರ ದನಿ ಇರಲಿ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಐಸಿಲ್ಡಾ

ಇನ್ನೊಂದು ಮಾತು. ಮರ್ಲ್ ಕೈ ಚಾಚಿ ನಿಂತಿದ್ದಾಳೆ, ಆದರೂ ಇದನ್ನು ಬರೆಯದೆ ಕೊಡಲಾರೆ. ಆವತ್ತು ನೀನು ಒದ್ದೆ ಕೈ ಒರೆಸಿಕೊಳ್ಳುತ್ತ ಹಿತ್ತಲಿನಿಂದ ಬಂದು, "ಎಷ್ಟು ಸಲ ಕರೀತು, ಅಕ್ಕ?" ಎಂದು ಕೇಳಿದೆ. ನಾನು "ಎರಡೇ" ಎಂದೆ. ಸುಳ್ಳು. ಹೇಳಿ ಹೇಳಿ ನಾನೇ ಅದನ್ನು ನಂಬಲು ನೋಡಿದೆ, ಹೂ ಹಿಡಿದು ಹೊರಟದ್ದೂ ಅದಕ್ಕೇ. ಉಪ್ಪು ಎರಚಿ ಬಾಗಿಲು ಹಾಕಿದ ಮೇಲೆ ಅವಳು ಮೆಟ್ಟಿಲವರೆಗೂ ಬಂದು ಮೂರನೇ ಸಲ ಕರೆದಳು, ಮೆಲ್ಲಗೆ, ಚಿಕ್ಕವಳಿದ್ದಾಗ ತಪ್ಪು ಮಾಡಿ ಬಂದು ಕರೆಯುತ್ತಿದ್ದಳಲ್ಲ ಹಾಗೆ. ನನ್ನ ಕೈ ಅಗುಳಿಯ ಮೇಲಿತ್ತು. ಬದುಕಿದ್ದಾಳೆ ಎಂದು ಆಗಲೇ ಗೊತ್ತಾಯಿತು. ಗೊತ್ತಾದಾಗ ನನಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಒಂಬತ್ತು ದಿನ ಅಳಿಸಿದ್ದಾಳೆ, ಒಂದು ನಿಮಿಷ ನಿಲ್ಲಲಿ ಎಂದುಕೊಂಡೆ. ಒಂದೇ ನಿಮಿಷ. ಬಾಗಿಲು ತೆಗೆದಾಗ ತಿರುವಿನಲ್ಲಿ ಬಸ್ಸು ಹೊರಟಿತ್ತು. ಮೆಟ್ಟಿಲ ಮೇಲೆ ಉಪ್ಪಿತ್ತು, ಉಪ್ಪಿನಲ್ಲಿ ಅವಳ ಚಪ್ಪಲಿಯ ಗುರುತಿತ್ತು. ನೀನು ಒಳಗೆ ಬರುವಷ್ಟರಲ್ಲಿ ಅದನ್ನು ಗುಡಿಸಿಬಿಟ್ಟಿದ್ದೆ.