ವಿರೂಪಿಗೆ ಚುಟಿಗೆ ಬೇಡ

॥ ಶ್ರೀ ದೊಡ್ಡಬಸವೇಶ್ವರ ಪ್ರಸನ್ನ ॥

ಕುರುಗೋಡು
೨೦-೨-೧೯೫೧, ಮಂಗಳವಾರ

ಚಿ. ಸೌ. ಮಗಳು ಸುವರ್ಣಮ್ಮನಿಗೆ,

ನಿನ್ನ ಅವ್ವನ ತುಂಬು ಮನಸ್ಸಿನ ಆಶೀರ್ವಾದ. ಇಲ್ಲಿ ನಾನೂ ನಿಮ್ಮಪ್ಪನೂ ಆರಾಮ ಇದ್ದೇವೆ. ಬಳ್ಳಾರಿಯಲ್ಲಿ ಅಳಿಯಂದಿರು, ಕೂಸು ವಿರೂಪಿ, ನೀನು ಆರಾಮ ಇರುವುದು ನಿನ್ನ ಕಾಗದದಿಂದ ತಿಳಿಯಿತು. ಇದುವರೆಗೆ ನಿನಗೆ ಬಂದ ಕಾಗದಗಳೆಲ್ಲ ನಾನು ಹೇಳಿ ನಿಮ್ಮಪ್ಪ ಬರೆದವು. ಇದನ್ನು ಮಾತ್ರ ನಾನೇ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ. ನಿಮ್ಮಪ್ಪನ ಮುಂದೆ ಹೇಳಿ ಬರೆಸುವಂಥ ಮಾತಲ್ಲ ಇದು.

ನಿನ್ನ ಕಾಗದ ನಾಲ್ಕು ಸಲ ಓದಿದೆ. ವಿರೂಪಿ ಒಂದು ಕಡೆ ಕೂರುವುದಿಲ್ಲ, ಶಾಲೆಯಲ್ಲಿ ಬೆಂಚು ಹತ್ತಿ ನಿಲ್ಲುತ್ತಾಳೆ, ಮಾಸ್ತರು ನಿನ್ನನ್ನು ಕರೆಸಿ ಇದು ಹೆಣ್ಣುಕೂಸೋ ಗಾಳಿಪಟವೋ ಎಂದು ಕೇಳಿದರು, ಶಿವರಾತ್ರಿ ಕಳೆದ ಅಮಾವಾಸ್ಯೆಗೆ ಅವಳನ್ನು ಇಲ್ಲಿಗೆ ಕರೆತಂದು ನಾಟಿ ಮದ್ದಿನ ಊರಮ್ಮನಿಂದ ಕಾಲಿಗೆ ಚುಟಿಗೆ ಹಾಕಿಸುತ್ತೇನೆ ಎಂದು ಬರೆದಿದ್ದೀಯ. ಕೊನೆಗೆ, ನನಗೆ ಹಾಕಿಸಿದ್ದಕ್ಕೇ ನಾನು ನಾಲ್ಕು ಜನರ ಹಾಗೆ ಬಾಳುವಂತಾದೆ, ಆ ಉಪಕಾರ ಮರೆಯುವುದಿಲ್ಲ ಅವ್ವಾ, ಎಂದೂ ಬರೆದಿದ್ದೀಯ. ಅಯ್ಯೋ ನನ್ನ ತಾಯೀ! ಬೈದು ಬರೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಉಪಕಾರ ಅಂದೆಯಲ್ಲ, ಅದನ್ನು ಓದಿ ನನಗೆ ಊಟ ಸೇರಲಿಲ್ಲ.

ಬೇಡ ಸುವರ್ಣಿ. ಆ ಐದು ವರ್ಷದ ಕೂಸಿನ ಕಾಲು ಸುಡಿಸಬೇಡ. ಇಷ್ಟು ಹೇಳಿ ಮುಗಿಸಬಹುದಿತ್ತು, ಆದರೆ ನೀನು ಹಟದವಳು, ಕಾರಣ ತಿಳಿಯದೆ ಬಿಡುವವಳಲ್ಲ. ಅದಕ್ಕೆ ಬರೆಯುತ್ತೇನೆ.

ನಿನಗೆ ಆಗ ಏಳು ವರ್ಷ. ಅಬ್ಬಬ್ಬಾ, ಏನು ಹುಡುಗಿ ನೀನು! ಬೆಳಿಗ್ಗೆ ಕಣ್ಣು ಬಿಟ್ಟರೆ ಕರುವಿನ ಹಿಂದೆ, ಕರು ಬಿಟ್ಟರೆ ಬೇಲಿಯ ಓತಿಕ್ಯಾತನ ಹಿಂದೆ. ಮಾಳಿಗೆ ಹತ್ತಿ ಹುಲ್ಲಿನ ಬಣವೆ ಮೇಲೆ ಜಿಗಿಯುತ್ತಿದ್ದೆ. ಸಿರುಗುಪ್ಪದಿಂದ ನಿನ್ನ ಸೋದರತ್ತೆ ಗಂಗಕ್ಕ ಬಂದಿದ್ದಳು. ನಿನ್ನನ್ನು ತನ್ನ ಮಗನಿಗೆ ತೆಗೆದುಕೊಳ್ಳುವ ಮಾತು ಆಗಾಗ ಆಡುತ್ತಿದ್ದವಳು, ಆ ಸಲ ನೀನು ಅವಳ ಎದುರಿಗೇ ಬಣವೆಗೆ ಜಿಗಿದದ್ದು ನೋಡಿ, ಈ ಹುಡುಗಿ ಕಾಲು ನೆಲದ ಮ್ಯಾಗ ನಿಲ್ಲಂಗಿಲ್ಲ ಬಿಡವಾ, ಇದಕ್ಕ ಏನೋ ಆಗೇತಿ, ನಾಳೆ ಇದನ್ನ ಯಾರು ಒಯ್ತಾರ ಅಂತ ಅಂದುಬಿಟ್ಟಳು. ಆ ಮಾತು ನನ್ನ ತಲೆಯಲ್ಲಿ ಕೂತಿತು. ನಮ್ಮಲ್ಲಿ ಕೂಸಿಗೆ ಹೊಟ್ಟೆ ಉಬ್ಬಿದರೂ ಚುಟಿಗೆ, ಬೆಚ್ಚಿಬಿದ್ದರೂ ಚುಟಿಗೆ. ಕಾಲಿನ ಚಪಲಕ್ಕೂ ಅದೇ ಮದ್ದು ಅಂದುಕೊಂಡೆ.

ನಿಮ್ಮಪ್ಪ ಊರಲ್ಲಿಲ್ಲದ ದಿನ ನೋಡಿ ಊರಮ್ಮನನ್ನು ಮನೆಗೆ ಕರೆಸಿದೆ. ಪಕ್ಕದ ಮನೆ ಹೊನ್ನೂರಮ್ಮ ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಮುಖಕ್ಕೆ ಸೆರಗು ಮುಚ್ಚಿದಳು. ಅರಿಶಿನದ ಕೊಂಬು ಕೆಂಡದಲ್ಲಿ ಕೆಂಪಾಗಿತ್ತು. ಎರಡೂ ಹಿಮ್ಮಡಿಗೆ ಒಂದೊಂದು ಸಲ ಒತ್ತಿದ್ದಷ್ಟೇ. ಅಷ್ಟೇ ಎಂದು ಬರೆಯುತ್ತಿದ್ದೇನೆ ನೋಡು, ನಾನೆಂಥವಳು! ಹುಣ್ಣು ಕೀವಾಗಿ ನೀನು ಮೂರು ವಾರ ಕಾಲೂರಲಿಲ್ಲ.

ಮಾಯ್ದ ಮೇಲೆ ನೀನು ಓಡಲಿಲ್ಲ. ಹೊಸ್ತಿಲ ಮೇಲೆ ಕೂತಿರುತ್ತಿದ್ದೆ. ಗಂಗಕ್ಕ ಮುಂದಿನ ಸಲ ಬಂದಾಗ, ಹುಡುಗಿ ಎಷ್ಟು ಶಾಣ್ಯಾ ಆಗ್ಯಾಳ ಅಂದಳು. ನಾನು ಬೀಗಿದೆ. ಆ ಸಂಬಂಧವಂತೂ ಆಗಲಿಲ್ಲ, ಅದು ಹಾಳಾಗಿ ಹೋಗಲಿ. ಆದರೆ ನೀನು ಓಡುವುದರ ಜೊತೆಗೆ ಕೇಳುವುದನ್ನೂ ಬಿಟ್ಟೆ. ಮೊದಲು ದಿನಕ್ಕೆ ನೂರು ಪ್ರಶ್ನೆ ಹಾಕಿ ನನ್ನ ಜೀವ ತಿನ್ನುತ್ತಿದ್ದವಳು, ನಿನ್ನ ಮದುವೆ ಗೊತ್ತಾಗಿದೆ ಎಂದು ಹೇಳಿದಾಗ ಹುಡುಗ ಯಾರು ಎಂದೂ ಕೇಳಲಿಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ. ನೀನು ಹೂಂ ಅಂದು ನೀರಿಗೆ ಹೋದೆ.

ಈಗ ನಿನ್ನ ತಮ್ಮನ ಮಾತು. ಜಡೆಪ್ಪ ನಿನಗಿಂತ ಎರಡು ವರ್ಷ ಚಿಕ್ಕವನು. ಅವನೂ ಕೂರುತ್ತಿರಲಿಲ್ಲ, ಆದರೆ ಗಂಡು ಹುಡುಗ, ಚೂಟಿಯಾಗಿದ್ದಾನೆ ಎಂದು ನಾವು ಮುದ್ದು ಮಾಡಿದೆವು. ಒಂದು ರೊಟ್ಟಿ ಮುಗಿಸುವಷ್ಟರಲ್ಲಿ ನಾಲ್ಕು ಸಲ ಏಳುತ್ತಿದ್ದ. ನಿಮ್ಮಜ್ಜಿ ಕತೆ ಹೇಳುವಾಗ ಹೇಳಜ್ಜೀ ಹೇಳಜ್ಜೀ ಎಂದು ಕಾಡಿಸಿದವನೇ ನಡುವೆ ಎದ್ದು ಹೋಗುವನು, ತಿರುಗಿ ಬರುವಷ್ಟರಲ್ಲಿ ಕತೆ ಮುಂದೆ ಹೋಗಿದೆ ಎಂದು ಅಳುವನು. ನಿದ್ದೆಯಲ್ಲೂ ಕಾಲು ಆಡುತ್ತಿತ್ತು. ನೀನೋ, ರಂಗೋಲಿ ಬಟ್ಟಲು ಕೈಗೆ ಸಿಕ್ಕರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ, ರಾತ್ರಿ ಹಾಸಿಗೆಗೆ ಬಿದ್ದರೆ ಕಲ್ಲು. ಒಂದೇ ಮನೆಯಲ್ಲಿ ಇಬ್ಬರನ್ನೂ ಕಣ್ಣೆದುರಿಗೆ ಇಟ್ಟುಕೊಂಡು ನಾನು ಇದನ್ನು ನೋಡಲಿಲ್ಲ. ಮೈಯಲ್ಲಿ ಕಸುವಿದ್ದು ಕುಣಿದ ಮಗಳನ್ನು ಸುಟ್ಟೆ, ನಿಜವಾಗಿ ಕಷ್ಟಪಡುತ್ತಿದ್ದ ಮಗನನ್ನು ನೋಡಿ ನಕ್ಕೆ.

ಅವನ ಪಾಡು ನಿನಗೆ ಗೊತ್ತೇ ಇದೆ. ಶಾಲೆಯಲ್ಲಿ ಏಟು ತಿಂದು ತಿಂದು ಓದು ಬಿಟ್ಟ. ಸಿರುಗುಪ್ಪದ ಅಂಗಡಿಯಲ್ಲಿ ಒಂದು ತಿಂಗಳು, ಎಣ್ಣೆ ಗಾಣದಲ್ಲಿ ಹದಿನೈದು ದಿನ. ಸೋಮಾರಿ ಎಂದು ನಿಮ್ಮಪ್ಪ ಮನೆಯಿಂದ ಹೊರಗೆ ಹಾಕಿದರು, ನಾನು ಬಾಯಿ ಬಿಡಲಿಲ್ಲ. ಈಗ ತುಂಗಭದ್ರಾ ಕಾಲುವೆಯ ಅಳತೆಯವರ ಜೊತೆ ಸರಪಳಿ ಎಳೆಯುತ್ತಾನೆ. ದಿನವೆಲ್ಲ ಬಿಸಿಲಲ್ಲಿ ಹೊಲ ಹೊಲ ನಡೆಯುವ ಕೆಲಸ. ಸಂಕ್ರಾಂತಿಗೆ ಬಂದಿದ್ದ, ಮೈ ಕರಿಯಾಗಿದೆ, ಮುಖದಲ್ಲಿ ಮಾತ್ರ ಕಳೆ ಬಂದಿದೆ. ನಡ್ಯಾಕ ಹತ್ತಿದ್ರ ನನ್ನ ತಲಿ ಸುಮ್ಮನಿರತೈತಿ ಅವ್ವಾ ಅಂದ. ಸಣ್ಣವನಿದ್ದಾಗ ಕುಂದರಬೇಕು ಅಂತ ಭಾಳ ಮಾಡಿದೆ, ಕೈಯಿಂದ ಮೊಣಕಾಲು ಒತ್ತಿ ಹಿಡಕೊಂಡು ಕುಂದರತಿದ್ದೆ, ಆಗಲಿಲ್ಲ, ನೀವೆಲ್ಲ ನಕ್ಕಿರಿ, ಅಂತಲೂ ಅಂದ. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತೆ.

ಅದಕ್ಕೇ ಹೇಳುವುದು, ವಿರೂಪಿಯನ್ನು ಸುಮ್ಮನೆ ಎಂಟು ದಿನ ನೋಡು. ಬೈಯಬೇಡ, ಬರೀ ನೋಡು. ದೀಪಾವಳಿಗೆ ಇಲ್ಲಿದ್ದಾಗ ನಾನು ನೋಡಿದ್ದೇನೆ. ಹೊನ್ನೂರಮ್ಮನ ಕೋಳಿ ಮರಿ ಮಾಡುತ್ತಿತ್ತು. ಮೊಟ್ಟೆ ಒಡೆಯುವ ತನಕ ನಿನ್ನ ಗಾಳಿಪಟ ಬುಟ್ಟಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿತ್ತು, ಉಸಿರು ಬಿಡಲಿಕ್ಕೂ ಹೆದರಿಕೊಂಡು. ಆಮೇಲೆ ಎರಡು ರೊಟ್ಟಿ ತಿಂದು ಬಿದ್ದು ನಿದ್ದೆ ಹೋದಳು. ಅವಳಿಗೆ ಏನೂ ಆಗಿಲ್ಲ ಸುವರ್ಣಿ. ಬೆಂಚಿನ ಮೇಲೆ ಯಾಕೆ ನಿಂತಳು ಎಂದು ಅವಳನ್ನು ಕೇಳಿದೆಯಾ? ಕಿಟಕಿಯಾಚೆ ಏನೋ ಕಂಡಿರುತ್ತದೆ. ಒಂದು ವೇಳೆ ಮುಂದೆ ಜಡೆಪ್ಪನ ಹಾಗೇ ಆದಳು ಅಂದುಕೋ, ಆಗಲೂ ಸುಡಬೇಡ. ಇಲ್ಲಿ ಬಿಡು. ನನ್ನ ಜೊತೆ ಹೊಲಕ್ಕೆ ಬರಲಿ, ನೀರು ಹೊರಲಿ, ದಣಿಯಲಿ. ರೊಟ್ಟಿಯನ್ನು ನಾಲ್ಕು ಸಲ ಎದ್ದು ತಿಂದರೆ ನಾಲ್ಕು ಸಲ ಬಡಿಸುತ್ತೇನೆ.

ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು. ಈ ಕಾಗದ ಮುಟ್ಟಿದ್ದಕ್ಕೆ ಎರಡು ಸಾಲು ಬರೆ, ಚುಟಿಗೆ ಹಾಕಿಸುವುದಿಲ್ಲ ಎಂದು ಬರೆ. ಅಲ್ಲಿಯವರೆಗೆ ಅಂಚೆಯವನ ದಾರಿ ನೋಡುತ್ತಿರುತ್ತೇನೆ.

ನಿನ್ನ ತಪ್ಪಿತಸ್ಥ ಅವ್ವ,
ಅಕ್ಕನಾಗಮ್ಮ

ತಾ.ಕ.: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ನೀನು ನನ್ನ ಮಾತು ಮೀರಿ ಊರಮ್ಮನ ಮನೆಗೆ ಹೋದರೆ ಅವಳು ನಿನಗೆ ನಿಜ ಹೇಳುತ್ತಾಳೆ, ಅದಕ್ಕಿಂತ ನಾನೇ ಹೇಳುವುದು ವಾಸಿ. ಆ ದಿನ ಅವಳು ನಿನಗೆ ಚುಟಿಗೆ ಹಾಕಲಿಲ್ಲ. ನಿನ್ನ ಕಣ್ಣು ಬಿಡಿಸಿ ನೋಡಿದಳು, ನಾಲಿಗೆ ನೋಡಿದಳು, ಏನು ತಿಂತಾಳ, ಎಷ್ಟೊತ್ತು ಮಲಗತಾಳ ಅಂತ ಕೇಳಿದಳು. ಇದು ಓಡಬೇಕು ಅನ್ನಿಸಿ ಓಡೋ ಕೂಸು, ನಿಲ್ಲಬೇಕು ಅನ್ನಿಸಿದಾಗ ನಿಲ್ತೈತಿ, ನಾ ಮುಟ್ಟಂಗಿಲ್ಲ ಅಂತ ಎದ್ದು ಹೋದಳು. ಹೋಗುವಾಗ ಅಂಗಳದಲ್ಲಿ ಸುತ್ತು ಹಾಕುತ್ತಿದ್ದ ಜಡೆಪ್ಪನನ್ನು ನೋಡಿ, ಆ ಹುಡುಗನ ಮ್ಯಾಲೆ ಕಣ್ಣಿಡು ತಾಯಿ ಅಂದಳು. ಎರಡೂ ಮಾತು ನಾನು ಕೇಳಲಿಲ್ಲ. ನೀನು ಸೆರಗಿನೊಳಗಿಂದ ಅವ್ವಾ ಬಿಡಿಸವ್ವಾ, ಅವ್ವಾ ಎಲ್ಲಿದ್ದೀ ಎಂದು ಚೀರುತ್ತಿದ್ದೆ. ನಾನು ನಿನ್ನ ಕಾಲ ಹತ್ತಿರವೇ ಇದ್ದೆ ಮಗಳೇ. ಕೊಂಬು ನನ್ನ ಕೈಯಲ್ಲಿತ್ತು.